ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇದೆ?

ಮೇ ತಿಂಗಳು ಬಂತೆಂದರೆ ಸಾಕು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಬಸ್ ನಿಲ್ದಾಣಗಳ ಸುತ್ತ ಶಾಲೆಗಳ ಫ್ಲೆಕ್ಸ್‌ಗಳು ತಲೆಯೆತ್ತುತ್ತವೆ. ಅವುಗಳಲ್ಲಿ ಅಧ್ಯಾಪಕರ ಹೆಸರಾಗಲಿ ಅರ್ಹತೆಯಾಗಲಿ ಇರುವುದು ಅಪರೂಪ. ಆದರೆ ದೊಡ್ಡ ಪರದೆಯ ಮುಂದೆ ನಗುತ್ತಾ ಕುಳಿತ ಮಕ್ಕಳ ಚಿತ್ರ ಮತ್ತು 'ಸ್ಮಾರ್ಟ್ ಕ್ಲಾಸ್' ಎಂಬ ಎರಡು ಪದಗಳು ಮಾತ್ರ ತಪ್ಪುವುದಿಲ್ಲ. ಗ್ಯಾರೇಜಿನಲ್ಲಿ ದುಡಿಯುವ, ಹಣ್ಣಿನ ಗಾಡಿ ತಳ್ಳುವ, ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ನಮ್ಮ ತಂದೆಯರು ಆ ಎರಡು ಪದಗಳ ಬೆಲೆಯನ್ನು ವರ್ಷವಿಡೀ ಕಂತಿನಲ್ಲಿ ಕಟ್ಟುತ್ತಾರೆ. ಹೆಂಡತಿಯ ಬಳೆ ಅಡವಿಟ್ಟು ಕಟ್ಟುವವರೂ ಇದ್ದಾರೆ. ತಾವು ಕಲಿಯಲಾಗದ್ದನ್ನು ಮಕ್ಕಳು ಕಲಿಯಲಿ ಎಂಬ ಅವರ ಆಸೆಯನ್ನು ನಾವು ಗೌರವಿಸುತ್ತೇವೆ. ಆ ಆಸೆಗೆ ಪ್ರತಿಯಾಗಿ ಅವರಿಗೆ ಸಿಗುತ್ತಿರುವುದೇನು ಎಂಬುದು ನಮ್ಮ ಪ್ರಶ್ನೆ.

ಶಾಲೆಗೆ ಸೇರಿಸಲು ಹೋದ ತಂದೆ ಶುಲ್ಕ ಎಷ್ಟು ಎಂದು ಕೇಳುತ್ತಾನೆ, ವ್ಯಾನ್ ಬರುತ್ತದೆಯೇ ಎಂದು ಕೇಳುತ್ತಾನೆ. ಆ ಪರದೆಯಲ್ಲಿ ಯಾವ ಪಾಠವನ್ನು ತೋರಿಸುತ್ತೀರಿ, ಕರಿಹಲಗೆಯ ಮೇಲೆ ತೋರಿಸಲಾಗದ ಯಾವುದನ್ನು ತೋರಿಸುತ್ತೀರಿ, ಅದನ್ನು ನೋಡಿದ ಮೇಲೆ ಮಗು ಏನು ಮಾಡುತ್ತದೆ ಎಂದು ಕೇಳುವವರಿಲ್ಲ. ನಮ್ಮ ಮನೆಗಳಲ್ಲಿ ವುಝೂ ಮಾಡುವ ಮಗುವಿಗೂ ಮೊದಲು ನಿಯ್ಯತ್ತು ಇರಬೇಕೆಂದು ಹೇಳಿಕೊಡುತ್ತೇವೆ. ತರಗತಿಯೊಳಕ್ಕೆ ಬರುವ ಯಂತ್ರದ ನಿಯ್ಯತ್ತನ್ನು ಮಾತ್ರ ನಾವು ವಿಚಾರಿಸಿಲ್ಲ. ಅಷ್ಟಕ್ಕೂ ಕರಿಹಲಗೆಯೂ ಒಂದು ಕಾಲದ ತಂತ್ರಜ್ಞಾನವೇ. ಅದು ಅಷ್ಟು ಕಾಲ ಬಾಳಿದ್ದಕ್ಕೆ ಕಾರಣ ಸರಳ: ಅದರ ಮೇಲೆ ಏನು ಬರೆಯಬೇಕೆಂದು ಮೇಷ್ಟ್ರಿಗೆ ಗೊತ್ತಿತ್ತು.

ಸರಕಾರದ ಇತಿಹಾಸವೂ ಇಲ್ಲಿ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಯ ಹಳ್ಳಿಗಳು ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ಕಾರ್ಯಕ್ರಮ ಬರುತ್ತಿತ್ತು. ವರ್ಷ ಮುಗಿಯಿತು, ಉಪಗ್ರಹ ಹಿಂದಿರುಗಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ರೂಪಿಸಿದ 'ಎಜುಸ್ಯಾಟ್' ಉಪಗ್ರಹವನ್ನು ನಾವೇ ಹಾರಿಸಿದೆವು. ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಅದರ ಪ್ರಯೋಗಕ್ಕೆ ಆರಿಸಲಾಯಿತು. ಆಕಾಶದಿಂದ ಪಾಠ ಇಳಿಸುವುದರಲ್ಲಿ ನಮ್ಮ ವಿಜ್ಞಾನಿಗಳು ಎಂದೂ ಸೋತಿಲ್ಲ. ಇಳಿದ ಪಾಠವನ್ನು ಹಿಡಿದುಕೊಳ್ಳುವ ಮೇಷ್ಟ್ರನ್ನು ಸಿದ್ಧಪಡಿಸುವುದರಲ್ಲಿ ಇಲಾಖೆ ಪ್ರತಿ ಬಾರಿಯೂ ಹಿಂದೆ ಬಿದ್ದಿದೆ.

ಇದಕ್ಕೆ ನಮ್ಮ ಮನೆಬಾಗಿಲಿನ ಉದಾಹರಣೆ 'ಮಾಹಿತಿ ಸಿಂಧು'. ಮಂಡ್ಯ ಜಿಲ್ಲೆಯ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಬೆಂಗಳೂರಿನ ಐಟಿ ವೈಭವ ಉಚ್ಛ್ರಾಯದಲ್ಲಿದ್ದ ದಿನಗಳಲ್ಲಿ, 2001ರ ಸುಮಾರಿಗೆ ಈ ಯೋಜನೆ ಆರಂಭವಾಯಿತು. ಸುಮಾರು ಒಂದು ಸಾವಿರ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್‌ಗಳು ಬಂದವು. ಆಶಯದಲ್ಲಿ ತಪ್ಪಿರಲಿಲ್ಲ. ಬೆಂಗಳೂರಿನ ಮಗುವಿಗೆ ಸಿಗುವುದು ಕಿಕ್ಕೇರಿಯ ಮಗುವಿಗೂ ಸಿಗಬೇಕು ಎಂಬುದಕ್ಕಿಂತ ನ್ಯಾಯವಾದ ಆಶಯ ಯಾವುದಿದೆ? ಆದರೆ ಯಂತ್ರಗಳನ್ನು ಇಡುವ, ನೋಡಿಕೊಳ್ಳುವ ಮತ್ತು ಕಲಿಸುವ ಕೆಲಸವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಕಂಪನಿಯ ಗುತ್ತಿಗೆ ಬೋಧಕ ಕಂಪ್ಯೂಟರ್ ಕಲಿಸುತ್ತಿದ್ದ. ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ, ಕನ್ನಡ ಪಂಡಿತರು ಆ ಕೋಣೆಯ ಹೊರಗೇ ಉಳಿದರು. ಅವರ ಪಾಠಕ್ಕೂ ಆ ಯಂತ್ರಕ್ಕೂ ಸಂಬಂಧವೇ ಏರ್ಪಡಲಿಲ್ಲ. ಗುತ್ತಿಗೆಯ ಅವಧಿ ಮುಗಿದಾಗ ಬೋಧಕ ಹೊರಟುಹೋದ. ಉಳಿದದ್ದು ಯಂತ್ರ, ಅದರ ಮೇಲೆ ಹೊದಿಸಿದ ಬಟ್ಟೆ ಮತ್ತು ಬಾಗಿಲಿಗೆ ಒಂದು ಬೀಗ.

ಅದೇ ಹೊತ್ತಿನಲ್ಲಿ ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲೇ ಆರಂಭವಾದ ಅಲ್ಲಿನ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ತರಬೇತುದಾರರನ್ನು ಹೊರಗಿನಿಂದ ತರಲಿಲ್ಲ; ಶಾಲಾ ಅಧ್ಯಾಪಕರಿಂದಲೇ ಆರಿಸಿ ಬೆಳೆಸಿದರು. ಹಣ ಕೊಟ್ಟು ಕೊಳ್ಳುವ ತಂತ್ರಾಂಶವನ್ನು ಬಿಟ್ಟು, ಯಾರೂ ತಿದ್ದಬಹುದಾದ, ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿಲ್ಲದ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡರು. ಗಣಿತದ ಮೇಷ್ಟ್ರೇ ಕಂಪ್ಯೂಟರಿನ ಮುಂದೆ ನಿಂತು ತ್ರಿಕೋನವನ್ನು ಎಳೆದು ತೋರಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಕನ್ನಡದಲ್ಲೇ ಅಚ್ಚಾದ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವಿದೆ ಎಂದರೆ ಕರ್ನಾಟಕದ ನಾವು ತುಸು ನಾಚಬೇಕಾಗುತ್ತದೆ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ 2010ರಲ್ಲಿ ಈ ಎರಡು ಮಾದರಿಗಳನ್ನು ಹೋಲಿಸಿ, ಗುತ್ತಿಗೆಯ ಮಾದರಿಗಿಂತ ಅಧ್ಯಾಪಕರನ್ನು ನಂಬಿದ ಮಾದರಿಯೇ ಮೇಲೆಂದು ತೋರಿಸಿತು. ನಮ್ಮ ಸರಕಾರ ಏನೂ ಕಲಿಯಲಿಲ್ಲವೆಂದರೆ ಅನ್ಯಾಯವಾದೀತು. ಮುಂದೆ ವಿಷಯ ಶಿಕ್ಷಕರ ವೇದಿಕೆಗಳು ಹುಟ್ಟಿದವು. 2016ರ ನಂತರ 'ಟಾಲ್ಪ್' ಹೆಸರಿನಲ್ಲಿ ಪ್ರೌಢಶಾಲಾ ಶಿಕ್ಷಕರಿಗೇ ತರಬೇತಿ ಕೊಡುವ ಕೆಲಸ ನಡೆಯಿತು. ಆದರೆ ನಡುವಿನ ಹದಿನೈದು ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ದಾಟಿ ಹೋದ ಮಕ್ಕಳಿಗೆ ಆ ತರಗತಿಗಳನ್ನು ಯಾರೂ ಮರಳಿಸಲಾರರು.

ಬೀಗದ ವಿಷಯಕ್ಕೆ ಬರೋಣ. ಸರಕಾರಿ ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಬೀಳುವುದಕ್ಕೆ ಮುಖ್ಯೋಪಾಧ್ಯಾಯರ ಸೋಮಾರಿತನವೇ ಕಾರಣವೆಂದು ತಿಳಿಯುವುದು ಸುಲಭ, ಆದರೆ ಸರಿಯಲ್ಲ. ಯಂತ್ರ ಕಳುವಾದರೆ ಉತ್ತರ ಹೇಳಬೇಕಾದವರು ಅವರು. ಕೆಟ್ಟರೆ ರಿಪೇರಿಗೆ ಹಣ ಹುಡುಕಬೇಕಾದವರೂ ಅವರೇ. ವಿದ್ಯುತ್ ಬಿಲ್ಲನ್ನು ಶಾಲೆಯ ಅನುದಾನದಿಂದಲೇ ಹೊಂದಿಸಬೇಕಾಗಿತ್ತು. ಸರಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು ಕರ್ನಾಟಕ ಸರಕಾರ ಘೋಷಿಸಿದ್ದು 2023ರ ರಾಜ್ಯೋತ್ಸವದಂದು. ಅಂದರೆ ಕಂಪ್ಯೂಟರ್ ಕೊಟ್ಟು ಇಪ್ಪತ್ತೆರಡು ವರ್ಷಗಳಾದ ಮೇಲೆ ಅದಕ್ಕೆ ಬೇಕಾದ ವಿದ್ಯುತ್ತಿನ ನೆನಪಾಯಿತು. ಹಾಗಿರುವಾಗ ಬೀಗ ಹಾಕಿದ ಮುಖ್ಯೋಪಾಧ್ಯಾಯರನ್ನು ದೂರುವುದೆಂತು? ಬಳಸಿದವನಿಗೆ ತೊಂದರೆ, ಬಳಸದವನಿಗೆ ನೆಮ್ಮದಿ ಎಂಬ ಏರ್ಪಾಡಿನಲ್ಲಿ ಯಾರಾದರೂ ನೆಮ್ಮದಿಯನ್ನೇ ಆರಿಸಿಕೊಳ್ಳುತ್ತಾರೆ. ಉರ್ದು ಶಾಲೆಗಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಯಂತ್ರ ಬಂದರೂ ಅದರೊಳಗಿನ ಪಾಠ ಉರ್ದುವಿನಲ್ಲಿ ಸಿಗುವುದು ವಿರಳ. ಸಿಕ್ಕಿದ್ದನ್ನು ತರಗತಿಗೆ ಒಗ್ಗಿಸಿ ಹೇಳಲು ಹುದ್ದೆ ತುಂಬಿದ ಶಿಕ್ಷಕರಿರಬೇಕು.

ಸಮುದಾಯದ ಮಕ್ಕಳೆಲ್ಲ ಮದ್ರಸಾಗಳಲ್ಲೇ ಓದುತ್ತಾರೆಂಬ ಕಲ್ಪನೆಯನ್ನು 2006ರ ಸಾಚಾರ್ ಸಮಿತಿಯ ವರದಿ ಒಡೆದುಹಾಕಿತ್ತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಶೇಕಡಾ ಮೂರು-ನಾಲ್ಕರಷ್ಟು ಮಾತ್ರ. ಉಳಿದವರು ಇತರರ ಮಕ್ಕಳ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಶಾಲೆಗೇ ಬಾರದವರೂ ಅವರಲ್ಲಿದ್ದಾರೆ. ಆದ್ದರಿಂದ ನಾಗಮಂಗಲದ ಸರಕಾರಿ ಶಾಲೆಯ ಕಂಪ್ಯೂಟರ್ ಕೋಣೆ ತೆರೆದಿದೆಯೇ ಮುಚ್ಚಿದೆಯೇ ಎಂಬುದು 'ಅವರ' ಪ್ರಶ್ನೆ, ಮದ್ರಸಾದ ಆಧುನೀಕರಣ ಮಾತ್ರ 'ನಮ್ಮ' ಪ್ರಶ್ನೆ ಎಂದು ಹಂಚಿಕೊಂಡು ಕೂರುವಂತಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ಉಪೇಕ್ಷೆಗಳ ಲೆಕ್ಕ ಒಂದೇ ಬಾರಿಗೆ ಮುಂದೆ ಬಂತು. ಆ ಆಗಸ್ಟ್‌ನಲ್ಲಿ ಸರಕಾರ 'ವಿದ್ಯಾಗಮ'ವನ್ನು ಆರಂಭಿಸಿ, ಇಂಟರ್‌ನೆಟ್ ಇರುವ ಫೋನ್ ಉಳ್ಳವರು, ಸಾದಾ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿತು. ಶಿಕ್ಷಕರು ಊರೂರಿಗೆ ಹೋಗಿ ಮರದಡಿ, ಜಗಲಿ, ಪ್ರಾರ್ಥನಾಲಯಗಳ ಅಂಗಳದಲ್ಲಿ ಪಾಠ ಮಾಡಿದರು. ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಸೋಂಕಿನ ಭೀತಿಯಿಂದ ವಿದ್ಯಾಗಮ ಅಕ್ಟೋಬರ್‌ನಲ್ಲಿ ನಿಂತಿತು; 2021ರ ಜನವರಿಯಲ್ಲಿ ಮರಳಿ ಬಂತು. ಆ ದಿನಗಳ ಅಪರೂಪದ ಸಂಗತಿಯೆಂದರೆ, ಫೋನಿನ ಪಾಠಕ್ಕಿಂತ ಮರದಡಿಯ ಪಾಠವೇ ಹೆಚ್ಚು ಮಕ್ಕಳನ್ನು ಮುಟ್ಟಬಲ್ಲದಾಗಿತ್ತು. ಮೇಷ್ಟ್ರು ಬಂದಿದ್ದರಲ್ಲ!

ಒಂದೇ ಫೋನ್ ಇರುವ ಮನೆಯಲ್ಲಿ ಅದು ಯಾರ ಜೇಬಿನಲ್ಲಿರುತ್ತದೆ? ತಂದೆ ಕೆಲಸಕ್ಕೆ ಒಯ್ಯುತ್ತಾನೆ. ಸಂಜೆ ಹಿಂದಿರುಗಿದ ಮೇಲೆ ಅದು ಅಣ್ಣನ ಕೈಗೆ ಹೋಗುತ್ತದೆ. ತಂಗಿಯ ಸರದಿ ಬರುವಷ್ಟರಲ್ಲಿ ಚಾರ್ಜು ಮುಗಿದಿರುತ್ತದೆ, ಇಲ್ಲವೇ ಅವಳಿಗೆ ಅಡುಗೆಮನೆಯ ಕರೆ ಬಂದಿರುತ್ತದೆ. ಇದು ಊಹೆಯ ಮಾತಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ಶೇ. 62ರಷ್ಟಿದ್ದರೆ ಮಹಿಳೆಯರು ಶೇ. 35 ಮಾತ್ರ. 'ಹುಡುಗಿಯ ಕೈಗೆ ಫೋನ್ ಕೊಟ್ಟರೆ ಕೆಡುತ್ತಾಳೆ' ಎಂಬ ಮಾತನ್ನು ನಮ್ಮ ಮೊಹಲ್ಲಾಗಳಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ರಾತ್ರಿ ಒಂದು ಗಂಟೆಯವರೆಗೆ ಹೊದಿಕೆಯೊಳಗೆ ಆಟವಾಡುವ ಹುಡುಗನ ಬಗ್ಗೆ ಅದೇ ಬಾಯಿಗಳು ಮಾತಾಡುವುದಿಲ್ಲ. ಪಾಠಕ್ಕೆಂದು ಹುಡುಗಿಗೆ ಒಂದು ಗಂಟೆ, ಎಲ್ಲರೂ ಕುಳಿತ ನಡುಮನೆಯಲ್ಲಿ, ಪ್ರತಿದಿನ ತಪ್ಪದೆ ಫೋನ್ ಸಿಗಬೇಕು. ಹುಡುಗನಿಗೂ ಅದೇ ನಿಯಮ ಅನ್ವಯಿಸಬೇಕು.

ಇನ್ನು ಪರೀಕ್ಷೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನಕಲು ತಡೆಯಲು ಕೋಣೆಗಳಿಗೆ ಕ್ಯಾಮರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ! ನಕಲನ್ನು ನಾವು ಸಮರ್ಥಿಸುವುದಿಲ್ಲ. ಕದ್ದು ಬರೆದ ಅಂಕ ಮಗುವಿನ ಆಯುಷ್ಯವಿಡೀ ಸುಳ್ಳು ಹೇಳುತ್ತಿರುತ್ತದೆ. ಕ್ಯಾಮರಾ ಅಂದು ಹಿಡಿದು ತೋರಿಸಿದ್ದು ಮಕ್ಕಳ ಕಳ್ಳತನವನ್ನು ಮಾತ್ರವೇ, ಹತ್ತು ವರ್ಷ ಕಲಿಸದೆ ಬಿಟ್ಟ ವ್ಯವಸ್ಥೆಯನ್ನೂ ಅಲ್ಲವೇ? ಪರೀಕ್ಷಾ ಕೋಣೆಗೆ ಕ್ಯಾಮರಾ ತರುವ ಹೊತ್ತಿಗೆ ಬಿಲ್ಲು, ರಿಪೇರಿ, ಗುತ್ತಿಗೆ ಯಾವ ಅಡ್ಡಿಯೂ ಬರಲಿಲ್ಲ. ಕಾವಲುಗಾರನಾಗಿ ತಂತ್ರಜ್ಞಾನ ಎಷ್ಟು ಬೇಗ ಶಾಲೆ ಹೊಕ್ಕಿತೋ ಅಷ್ಟೇ ಬೇಗ ಬೋಧಕನ ಸಹಾಯಕನಾಗಿ ಹೊಕ್ಕಿದ್ದರೆ ಆ ಶೇಕಡಾ ಹತ್ತು ಮಕ್ಕಳ ಕಥೆ ಬೇರೆಯಾಗಿರುತ್ತಿತ್ತು.

ಯಂತ್ರದಿಂದ ನಿಜಕ್ಕೂ ಕಲಿಕೆ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ ಜಗತ್ತಿನ ಅನುಭವ ಎರಡೂ ಬಗೆಯ ಉತ್ತರ ಕೊಡುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ ಅಧ್ಯಯನ, ಮಕ್ಕಳ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಹೆಚ್ಚಳ ಕಾಣಲಿಲ್ಲವೆಂದು ಹೇಳಿತು. ಶ್ರೀಮಂತ ರಾಷ್ಟ್ರಗಳ ಶಾಲೆಗಳ ಬಗ್ಗೆ 2015ರಲ್ಲಿ ಬಂದ ಓಇಸಿಡಿ ವರದಿಯೂ ಹೆಚ್ಚು ಕಡಿಮೆ ಇದನ್ನೇ ಹೇಳಿತ್ತು. ನಮ್ಮದೇ ದೇಶದ ವಡೋದರಾದ ಕಥೆ ಇನ್ನೊಂದು. ಅಲ್ಲಿನ ನಗರಸಭೆಯ ಶಾಲೆಗಳಿಗೆ ಸರಕಾರ ಕೊಟ್ಟ ಕಂಪ್ಯೂಟರ್‌ಗಳು ಹೆಚ್ಚಿನೆಡೆ ಬಳಕೆಯಿಲ್ಲದೆ ಬಿದ್ದಿದ್ದವು. 2002ರಲ್ಲಿ 'ಪ್ರಥಮ್' ಸಂಸ್ಥೆ ಅವನ್ನೇ ಬಳಸಿ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿತು. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು. ಮಗು ಯಾವ ಲೆಕ್ಕದಲ್ಲಿ ನಿಂತಿದೆಯೋ ಅಲ್ಲಿಂದಲೇ ಆಟ ಆರಂಭ. ಗಣಿತದ ಅಂಕಗಳು ಗಣನೀಯವಾಗಿ ಏರಿದವು. ಕಾರ್ಯಕ್ರಮ ನಿಂತ ಮರುವರ್ಷ ಆ ಲಾಭ ಬಹುಮಟ್ಟಿಗೆ ಕರಗಿತು ಎಂಬುದನ್ನೂ ಹೇಳಬೇಕು. ಪೆರುವಿಗಿಂತ ವಡೋದರಾದಲ್ಲಿ ಇದ್ದ ಯಂತ್ರಗಳು ಕಡಿಮೆ, ಸಮಯವೂ ಕಡಿಮೆ. ಹೆಚ್ಚಿದ್ದುದು ಉದ್ದೇಶ. ಭಾಗಾಕಾರ ಬಾರದ ಮಗುವಿಗೆ ಭಾಗಾಕಾರ ಕಲಿಸಬೇಕೆಂದು ಯಾರೋ ಮೊದಲೇ ನಿಶ್ಚಯಿಸಿದ್ದರು.

ನಮ್ಮ ನಾಲ್ಕು ತಾಲೂಕುಗಳಲ್ಲಿ ಅಂತಹ ನಿಶ್ಚಯಕ್ಕೆ ವಸ್ತು ಕಡಿಮೆಯೇ? ಶ್ರೀರಂಗಪಟ್ಟಣದ ತಾಲೂಕಿನಲ್ಲೇ ಕೃಷ್ಣರಾಜಸಾಗರವಿದೆ. ಅದರ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ; ಗರಿಷ್ಠ 124.80 ಅಡಿ ಎಂಬುದು ಇಲ್ಲಿನ ಹಾಲು ಮಾರುವವನಿಗೂ ಬಾಯಿಪಾಠ. ಎಂಟನೆಯ ತರಗತಿಯ ಮಕ್ಕಳು ಜೂನ್ ಒಂದರಿಂದ ಪ್ರತಿದಿನದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಕಂಪ್ಯೂಟರಿನ ಒಂದು ಪಟ್ಟಿಯಲ್ಲಿ ತುಂಬುತ್ತಾ ಹೋಗಲಿ. ಅಕ್ಟೋಬರ್ ಹೊತ್ತಿಗೆ ಯಂತ್ರ ಒಂದು ಗೆರೆ ಎಳೆದು ತೋರಿಸುತ್ತದೆ. ಅದು ಯಾವ ವಾರ ಜಿಗಿಯಿತು, ಕೊಡಗಿನಲ್ಲಿ ಅಂದು ಮಳೆ ಎಷ್ಟು ಬಿದ್ದಿತ್ತು, ನಾಲೆಗೆ ನೀರು ಬಿಟ್ಟದ್ದು ಯಾವಾಗ, ತಮಿಳುನಾಡಿಗೆ ಹರಿದದ್ದು ಯಾವಾಗ ಎಂದು ಮೇಷ್ಟ್ರು ಕೇಳಿದರೆ ಗಣಿತ, ಭೂಗೋಳ, ರಾಜ್ಯಶಾಸ್ತ್ರಗಳೆಲ್ಲ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಇದಕ್ಕೆ ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್ ಮತ್ತು ಒಂದು ಪತ್ರಿಕೆ. ಸ್ಮಾರ್ಟ್ ಬೋರ್ಡ್ ಬೇಕಿಲ್ಲ.

ಅದೇ ತಾಲೂಕಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಸಲೀಂ ಅಲಿ ಅವರ ಒತ್ತಾಸೆಯಿಂದ. 2022ರಲ್ಲಿ ಅದು ರಾಮ್‌ಸಾರ್ ತಾಣವೂ ಆಯಿತು. ಸಲೀಂ ಅಲಿ ಅವರ ಉಪಕರಣಗಳೆಂದರೆ ದುರ್ಬೀನು ಮತ್ತು ಟಿಪ್ಪಣಿ ಪುಸ್ತಕ. ನೋಡುವ ಮೊದಲು ಏನನ್ನು ನೋಡಬೇಕೆಂದು ಅವರಿಗೆ ಗೊತ್ತಿತ್ತು. ನೋಡಿದ್ದನ್ನು ಅಂದೇ ಬರೆದಿಡುವ ಶಿಸ್ತು ಇತ್ತು. ಇಂದು ಹಕ್ಕಿಯ ಕೂಗು ಕೇಳಿ ಹೆಸರು ಹೇಳುವ ಫೋನ್‌ಗಳಿವೆ. ಮಗು ಮೊದಲು ತಾನೇ ಕೇಳಿ, ಬರೆದು, ಊಹಿಸಿ, ಆಮೇಲೆ ಫೋನಿನೊಡನೆ ತಾಳೆ ನೋಡಿದರೆ ಅದು ವಿಜ್ಞಾನ. ಮೊದಲೇ ಫೋನನ್ನು ಕೇಳಿದರೆ ಅದು ಕೇವಲ ಹೆಸರು. ಶಾಲಾ ಪ್ರವಾಸದ ಮಕ್ಕಳು ಅಲ್ಲಿ ದೋಣಿಯಲ್ಲಿ ಕುಳಿತು ಸೆಲ್ಫಿ ತೆಗೆದು ಬರುವುದು ಇವೆರಡೂ ಅಲ್ಲ.

ನಾಗಮಂಗಲ ತಾಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು ಸರಕಾರಿ ಅಧಿಕಾರಿಯಾಗಿದ್ದುಕೊಂಡೇ ಜನಪದ ಹಾಡುಗಳ ಬೆನ್ನು ಹತ್ತಿದವರು. ಹಾಡುವವರ ದನಿಯನ್ನು ಟೇಪಿನಲ್ಲಿ ಹಿಡಿದಿಡುವ ಆ ಶ್ರಮದ ಫಲವನ್ನು ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಇಂದೂ ಕೇಳಬಹುದು. ಆ ಟೇಪ್ ರೆಕಾರ್ಡರ್ ಮಾಡುತ್ತಿದ್ದ ಕೆಲಸವನ್ನು ಮಾಡುವ ಯಂತ್ರ ಈಗ ನಮ್ಮ ಪ್ರತಿ ಮನೆಯ ಫೋನಿನೊಳಗಿದೆ. ಒಂಬತ್ತನೆಯ ತರಗತಿಯ ಹುಡುಗಿ ತನ್ನ ದಾದಿಯನ್ನು ಕೂರಿಸಿಕೊಂಡು, ಮದುವೆಮನೆಯಲ್ಲಿ ಹಾಡುತ್ತಿದ್ದ ದಖನಿ ಹಾಡನ್ನು ಅದರಲ್ಲಿ ಹಿಡಿದು, ಕನ್ನಡದಲ್ಲಿ ಅರ್ಥ ಬರೆದು ತರಗತಿಗೆ ತಂದರೆ ಕನ್ನಡ ಪಂಡಿತರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕೀತೇ? ಪಾಂಡವಪುರ ತಾಲೂಕಿನ ಮೇಲುಕೋಟೆಯನ್ನೇ ನೋಡಿ. ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತಿನ ವಿದ್ವಾಂಸರು ಸಂಸ್ಕೃತ ವಾಕ್ಯದ ರಚನೆಯನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ತಂತ್ರಾಂಶಗಳ ಕೆಲಸಕ್ಕೆ ಕೈ ಹಾಕಿದ್ದರು. ಸಾವಿರಾರು ವರ್ಷಗಳ ಭಾಷೆ, ಗುಡ್ಡದ ಮೇಲಿನ ಸಣ್ಣ ಊರು. ಆದರೂ ಯಂತ್ರದಿಂದ ತಮಗೇನು ಬೇಕೆಂದು ಅವರಿಗೆ ತಿಳಿದಿತ್ತು. ಉರ್ದು ಮತ್ತು ಅರಬಿಯ ವಿದ್ವಾಂಸರೆನಿಸಿಕೊಂಡ ನಾವು ಆ ಪಂಡಿತರನ್ನು ನೋಡಿ ಕಲಿಯಲು ಯಾವ ಸಂಕೋಚವೂ ಬೇಕಿಲ್ಲ.

ನಮ್ಮ ಮಕ್ಕಳದ್ದೇ ಆದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ದಖನಿ ಆಡುವ ಮಗುವಿಗೆ ಕನ್ನಡದ ಳ ಮತ್ತು ಣ ಅಕ್ಷರಗಳು ಕಿವಿಗೇ ಬಿದ್ದಿರುವುದಿಲ್ಲ. 'ಹಳ್ಳಿ' ಎಂಬುದು 'ಹಲ್ಲಿ'ಯಾದಾಗ ತರಗತಿ ನಗುತ್ತದೆ. ನಗುವಿಗೆ ಹೆದರಿದ ಮಗು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ಹಿಂದೆ ಬೀಳುವ ಎಷ್ಟೋ ಮಕ್ಕಳ ಸೋಲು ಆ ನಗುವಿನಿಂದಲೇ ಆರಂಭವಾಗಿರುತ್ತದೆ. ಫೋನಿನ ರೆಕಾರ್ಡರ್ ನಗುವುದಿಲ್ಲ. ಮೇಷ್ಟ್ರು ಒಂದು ಪುಟವನ್ನು ತಮ್ಮ ದನಿಯಲ್ಲಿ ಓದಿ ಕಳುಹಿಸಲಿ. ಮಗು ಅದನ್ನು ಹತ್ತು ಬಾರಿ ಕೇಳಿ, ತಾನು ಓದಿದ್ದನ್ನು ಹಿಡಿದು, ಎರಡನ್ನೂ ಹೋಲಿಸಿಕೊಳ್ಳಲಿ. ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಅವರ ಪದ್ಯಗಳನ್ನು ನಾಡು ಬಾಯಿಪಾಠ ಮಾಡಿಕೊಂಡದ್ದು ಪುಸ್ತಕದಿಂದಷ್ಟೇ ಅಲ್ಲ, ಸಿ. ಅಶ್ವಥ್ ಅವರ ಸಂಗೀತದ ಕ್ಯಾಸೆಟ್ಟುಗಳಿಂದಲೂ ಹೌದು. ಪಠ್ಯಪುಸ್ತಕದ ಪುಟಗಳಲ್ಲಿ ಈಗ ಕ್ಯೂಆರ್ ಕೋಡ್ ಎಂಬ ಚೌಕ ಅಚ್ಚಾಗಿರುತ್ತದೆ. ಅದನ್ನು ಫೋನಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ ತೆರೆದುಕೊಳ್ಳುತ್ತದೆ ಎಂಬುದು ನಮ್ಮ ಹೆಚ್ಚಿನ ತಾಯಂದಿರಿಗೆ ಇನ್ನೂ ಗೊತ್ತಿಲ್ಲ. ಅದಕ್ಕೆ ಶುಲ್ಕವಿಲ್ಲ.

ಶುಲ್ಕವಿರುವ ಕಲಿಕೆಯ ಅಂಗಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಗಳೂರಿನಿಂದ ದೇಶವಿಡೀ ಹಬ್ಬಿ, ಕ್ರಿಕೆಟ್ ತಂಡದ ಅಂಗಿಯ ಮೇಲೂ ಹೆಸರು ಮೂಡಿಸಿದ್ದ ಬೈಜೂಸ್ ಕಂಪನಿ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮಗುವಿನ ಭವಿಷ್ಯವನ್ನು ಕಂತಿನಲ್ಲಿ ಮಾರಲು ಬರುವವರಿಗೆ ಬಾಗಿಲು ತೆರೆಯುವ ಮುನ್ನ ಅದನ್ನು ನೆನಪಿಸಿಕೊಂಡರೆ ಸಾಕು.

ಈಗ ಯಾವ ಪ್ರಶ್ನೆ ಕೇಳಿದರೂ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆ ಫೋನಿಗೇ ಬಂದಿದೆ. ಮನೆಗೆಲಸವನ್ನು ಯಂತ್ರವೇ ಮಾಡುತ್ತದೆಂಬ ದೂರು ಶಿಕ್ಷಕರದ್ದು. ಆದರೆ ಗೈಡ್ ಪುಸ್ತಕದಿಂದ ನಕಲು ಮಾಡಿದಾಗ ಕೊಡುತ್ತಿದ್ದ ಅಂಕವನ್ನೇ ಯಂತ್ರದ ನಕಲಿಗೂ ಕೊಡುತ್ತಿದ್ದರೆ ಬದಲಾದದ್ದಾದರೂ ಏನು? 'ನೀರಿನ ಮಹತ್ವ' ಎಂಬ ಪ್ರಬಂಧವನ್ನು ಯಾವ ಯಂತ್ರವೂ ಬರೆದೀತು. 'ನಮ್ಮ ಬೀದಿಯ ನಲ್ಲಿಗೆ ಈ ವಾರ ಎಷ್ಟು ಸಲ ನೀರು ಬಂತು, ಯಾರು ಮೊದಲು ಹಿಡಿದರು' ಎಂಬುದನ್ನು ಆ ಬೀದಿಯ ಮಗುವೇ ಬರೆಯಬೇಕು.

ಸಮುದಾಯದ ಉಳ್ಳವರಿಗೂ ಒಂದು ಮಾತು. ಶ್ರೀರಂಗಪಟ್ಟಣದ ಹೆಸರೆತ್ತಿದರೆ ನಮ್ಮ ವೇದಿಕೆಗಳಲ್ಲಿ ಟಿಪ್ಪುವಿನ ರಾಕೆಟ್ ಹಾರದೆ ಭಾಷಣ ಮುಗಿಯುವುದಿಲ್ಲ. ಆ ಹೆಮ್ಮೆ ನ್ಯಾಯವಾದದ್ದೇ. 1799ರ ನಂತರ ಬ್ರಿಟಿಷರು ಆ ಕಬ್ಬಿಣದ ಕೊಳವೆಗಳನ್ನು ಇಂಗ್ಲೆಂಡಿಗೆ ಒಯ್ದು, ಅವನ್ನು ನೋಡಿ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ್ದು ಇತಿಹಾಸ. ಆದರೆ ಆ ರಾಕೆಟ್ಟಿನ ಹಿಂದೆ ಕಬ್ಬಿಣ ಕಾಯಿಸುವ ಕುಶಲಕರ್ಮಿ ಇದ್ದ, ಕೋನ ಅಳೆದು ಹಾರಿಸಲು ತರಬೇತಾದ ಸೈನಿಕ ಇದ್ದ. ಅದೇ ಕೋಟೆಯೊಳಗೆ ಸುಮಾರು ಎರಡು ಸಾವಿರ ಗ್ರಂಥಗಳ ಗ್ರಂಥಾಲಯವಿತ್ತು. ಗ್ರಂಥಾಲಯವೂ ಕುಶಲಕರ್ಮಿಯೂ ಇಲ್ಲದೆ ರಾಕೆಟ್ಟಿನ ಭಾಷಣ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಶಾಲೆಗೆ ಪ್ರೊಜೆಕ್ಟರ್ ದಾನ ಮಾಡಿ, ಅದರ ಮೇಲೆ ತಂದೆಯ ಹೆಸರು ಬರೆಸಿ, ಫೋಟೋ ತೆಗೆಸಿಕೊಂಡು ಹೊರಟುಬಿಡುವ ದಾನಿಗಳು ಆ ಹಣದ ಅರ್ಧವನ್ನು ಮೂರು ವರ್ಷಗಳ ರಿಪೇರಿಗೆಂದು ತೆಗೆದಿಡಬಾರದೇಕೆ? ಪ್ರೊಜೆಕ್ಟರ್ ಕೊಡುವ ಮುನ್ನ ವಿಜ್ಞಾನದ ಶಿಕ್ಷಕಿಯನ್ನು ಕರೆದು, 'ಮೇಡಂ, ನಿಮಗೆ ಯಾವ ಪಾಠ ಹೇಳುವುದು ಕಷ್ಟವಾಗುತ್ತಿದೆ?' ಎಂದು ಕೇಳಬಾರದೇಕೆ? ಬಹುಶಃ ಆಕೆ ಕೇಳುವುದು ಪ್ರೊಜೆಕ್ಟರ್ ಆಗಿರಲಾರದು. ಒಂದು ಸೂಕ್ಷ್ಮದರ್ಶಕ ಇದ್ದೀತು. ನಮ್ಮ ಮೊಹಲ್ಲಾಗಳಲ್ಲಿ ಕಂಪ್ಯೂಟರ್ ಕಲಿತು, ಡಿಟಿಪಿ ಅಂಗಡಿಗಳಲ್ಲಿ ಉರ್ದು ಮತ್ತು ಕನ್ನಡ ಬೆರಳಚ್ಚು ಮಾಡುವ ಯುವಕ ಯುವತಿಯರಿದ್ದಾರೆ. ವಾರಕ್ಕೊಂದು ದಿನ ಶಾಲೆಯ ಕೆಟ್ಟ ಯಂತ್ರಗಳನ್ನು ನೋಡಿಕೊಡಲು ಅವರನ್ನು ಯಾವ ಮಸೀದಿ ಸಮಿತಿಯೂ ಕೇಳಿದಂತಿಲ್ಲ.

ಕೇಳುವ ಅಧಿಕಾರ ಪೋಷಕರಿಗಿದೆ. 2001ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಖಾಸಗಿ ಶಾಲೆಯಾದರೆ ಶುಲ್ಕದ ರಸೀದಿಯೇ ನಿಮ್ಮ ಅಧಿಕಾರ ಪತ್ರ. ಮುಂದಿನ ಸಭೆಯಲ್ಲಿ ಕಂಪ್ಯೂಟರ್ ಕೋಣೆಯ ದಿನಚರಿ ಪುಸ್ತಕವನ್ನು ತೋರಿಸಿ ಎಂದು ಕೇಳಿ: ಕಳೆದ ತಿಂಗಳು ಯಾವ ದಿನ, ಯಾವ ತರಗತಿ, ಯಾವ ಪಾಠಕ್ಕೆ ಬಂದಿತ್ತು, ಹುಡುಗಿಯರು ಯಂತ್ರದ ಮುಂದೆ ಕುಳಿತಿದ್ದರೇ ಅಥವಾ ಹಿಂದೆ ನಿಂತಿದ್ದರೇ? ಪುಸ್ತಕವೇ ಇಲ್ಲವೆಂದರೆ ನೂರು ಪುಟದ ಒಂದನ್ನು ಅಂದೇ ಕೊಂಡು ಕೊಡಿ. ಜಗಳ ಬೇಡ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಒಳಗಿದ್ದರೆ, ಇನ್ನೊಂದು ಪ್ರತಿಯನ್ನು ಗಣಿತದ ಶಿಕ್ಷಕರ ಬಳಿ ಇರಿಸಲು ವಿನಂತಿಸಿ. ಯಂತ್ರ ಕೆಟ್ಟರೆ ಮೇಷ್ಟ್ರನ್ನು ಹೊಣೆ ಮಾಡುವುದಿಲ್ಲವೆಂದು ಸಮಿತಿ ಅದೇ ಸಭೆಯಲ್ಲಿ ಬರಹದಲ್ಲಿ ನಿರ್ಣಯ ಮಾಡಲಿ. ಇಂತಹ ಸಭೆಗಳಿಗೆ ನಮ್ಮ ತಾಯಂದಿರು ಹೋಗುತ್ತಾರೆ, ಮೂಲೆಯಲ್ಲಿ ಕುಳಿತು ಸಹಿ ಹಾಕಿ ಬರುತ್ತಾರೆ. ತಂದೆಯರು ಅಂಗಡಿ ಬಿಟ್ಟು ಬರುವುದಿಲ್ಲ. ಸಭೆ ಶುಕ್ರವಾರ ಮಧ್ಯಾಹ್ನ ಗೊತ್ತಾಗಿದ್ದರೆ ಬೇರೆ ದಿನಕ್ಕೆ ಬದಲಿಸಿಕೊಡುವಂತೆ ಮುಖ್ಯೋಪಾಧ್ಯಾಯರಿಗೆ ಒಂದು ವಾರ ಮುಂಚಿತವಾಗಿ ತಿಳಿಸಬಹುದು.